ಅಂಟಿಲ್ಲದ ಜಾಗ

ಜುಲೈ 1, ಸೋಮವಾರ

ಮೆಶ್ ಸಣ್ಣದಾದಷ್ಟೂ ಅಂಚಿನ ಸ್ಟ್ರೆಸ್ ಏರುತ್ತಲೇ ಹೋಗುತ್ತಿದೆ. ಬೆಳಿಗ್ಗೆ ಒಂದು ಸಂಖ್ಯೆ, ಊಟದ ಹೊತ್ತಿಗೆ ಅದರ ಒಂದೂವರೆಯಷ್ಟು, ಸಂಜೆಗೆ ಎರಡರಷ್ಟು. ಎಲ್ಲೋ ಒಂದು ಕಡೆ ನಿಲ್ಲಬೇಕಿತ್ತು. ನಿಲ್ಲುತ್ತಿಲ್ಲ.

ಮನೆಗೆ ಬಂದಾಗ ರಾಮದಾಸ ರೊಟ್ಟಿ ಬಡಿಯುತ್ತಿದ್ದರು. ಕುಷಾಯಿಗೂಡದ ಕಾರ್ಖಾನೆಯಿಂದ ಸ್ವಯಂನಿವೃತ್ತಿ ತೆಗೆದುಕೊಂಡ ಮೇಲೆ ನನ್ನ ಗಂಡ ಅಡುಗೆಮನೆಯನ್ನು ವಹಿಸಿಕೊಂಡಿದ್ದಾರೆ.

“ಯಾಕ, ಮಾರಿ ಸಣ್ಣದಾಗೇತಿ?” ಎಂದರು.

“ಸಂಖ್ಯಾ ನಿಂದ್ರವಲ್ದು.”

“ನಿಂದ್ರವಲ್ದಂದ್ರ ಕುಂಡ್ರಸು.”

ಹಂಚಿನ ಮೇಲಿದ್ದ ರೊಟ್ಟಿಯನ್ನೇ ತೋರಿಸಿ ಹೇಳಿದೆ. ಇದನ್ನು ಎರಡೂ ಕಡೆ ಹಿಡಿದು ಎಳೆದರೆ ಎಲ್ಲಿ ಹರಿಯುತ್ತದೆ ಎಂದು ಹರಿಯುವ ಮೊದಲೇ ಹೇಳುವುದು ನನ್ನ ಕೆಲಸ. ಅದಕ್ಕಾಗಿ ಕಂಪ್ಯೂಟರಿನಲ್ಲಿ ರೊಟ್ಟಿಯನ್ನು ಚೂರು ಚೂರು ಮಾಡಿ, ಪ್ರತಿ ಚೂರಿಗೆ ಎಷ್ಟು ಎಳೆತ, ಅಂದರೆ ಸ್ಟ್ರೆಸ್, ಬೀಳುತ್ತದೆ ಎಂದು ಲೆಕ್ಕ ಹಾಕುತ್ತೇವೆ. ಚೂರುಗಳ ಆ ಬಲೆಯೇ ಮೆಶ್. ಚೂರು ಸಣ್ಣದಾದಂತೆ ಉತ್ತರ ನಿಜಕ್ಕೆ ಹತ್ತಿರವಾಗಬೇಕು.

“ಮತ್ತ ಎರಡು ರೊಟ್ಟಿ ಅಂಟಿಸಿದ್ರ?” ಎಂದರು.

ಅದೇ ತೊಂದರೆ. ನಮ್ಮ ಸಣ್ಣ ಕಂಪನಿ ಕಾರ್ಬನ್ ನಾರಿನ ಕೃತಕ ಕಾಲು ಮಾಡಿದೆ. ಮೇಲಿನಿಂದ ಒಂದು ಕೊಳವೆ ಬರುತ್ತದೆ, ಪಾದದ ಹತ್ತಿರ ಒಂದು ಬಟ್ಟಲಿದೆ, ಎರಡೂ ಕಾರ್ಬನ್ನಿನವೇ. ಕೊಳವೆಯನ್ನು ಬಟ್ಟಲೊಳಗೆ ಇಳಿಸಿ ಅಂಟಿಸುತ್ತೇವೆ. ಬೋಲ್ಟಿಲ್ಲ, ಮೊಳೆಯಿಲ್ಲ. ಆ ಅಂಟಿನ ಅಂಚಿನಲ್ಲೇ ಸಂಖ್ಯೆ ಓಡಿಹೋಗುತ್ತಿರುವುದು.

ಮೊದಲ ಕಾಲು ಸಿದ್ಧವಾಗಿದೆ. ಬಳಕೆದಾರೆ: ಹೆಣ್ಣು, ಮೂವತ್ತೊಂದು ವರ್ಷ, ಅರವತ್ತೆರಡು ಕೆ.ಜಿ., ಎಡಗಾಲು, ಮೊಣಕಾಲಿನ ಕೆಳಗೆ. ನನ್ನ ಲೆಕ್ಕಕ್ಕೆ ಇಷ್ಟು ಸಾಕು. ಹತ್ತೊಂಬತ್ತಕ್ಕೆ ಆಸ್ಪತ್ರೆಯ ಡಾಕ್ಟರುಗಳು ಅವಳು ನಡೆಯುವುದನ್ನು ನೋಡಲು ಬರುತ್ತಾರೆ. ಅಷ್ಟರೊಳಗೆ ‘ಜೋಡಣೆ ತಡೆಯುತ್ತದೆ’ ಎಂದು ಬರೆದು ನಾನು ಸಹಿ ಮಾಡಬೇಕು.

ಮಕ್ಕಳಿಗಾಗಿ ಬಿಟ್ಟ ಕೆಲಸಕ್ಕೆ ನಲವತ್ತು ದಾಟಿದ ಮೇಲೆ ಮರಳಿದವಳು ನಾನು. ನನ್ನ ಗೊಂದಲ ಅಲ್ಲಿ ಯಾರಿಗೂ ಕಾಣಬಾರದು. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಜುಲೈ 3, ಬುಧವಾರ

ತಡೆಯಲಾರದೆ ಗಾನವಿಯನ್ನು ಕೇಳಿದೆ, ಸುಮ್ಮನೆ ಮಾತಿಗೆ ಕೇಳಿದವಳಂತೆ. ಅವಳು ಮೈಸೂರಿನ ಹುಡುಗಿ. ಅಂಟು ಹಾಕುವುದು, ಓವನ್ನಿನಲ್ಲಿ ಒಣಗಿಸುವುದು, ಪರೀಕ್ಷೆಯ ಯಂತ್ರದಲ್ಲಿಟ್ಟು ಮುರಿಯುವುದು ಎಲ್ಲ ಅವಳದೇ.

“ಅಂಚು ಹಾಗೇ ಮೇಡಂ. ಚೂಪು ಮೂಲೆ ಅಲ್ವಾ, ಲೆಕ್ಕದಲ್ಲಿ ಅದಕ್ಕೆ ಕೊನೆಯೇ ಇಲ್ಲ. ಎಲ್ರೂ ಅಂಚಿನಿಂದ ಸ್ವಲ್ಪ ಈಚೆ ಬಂದು ಓದ್ಕೋತಾರೆ.”

“ಎಷ್ಟು ಈಚೆ?”

“ಪಾಸ್ ಆಗೋವಷ್ಟು ಈಚೆ.”

ಇಬ್ಬರೂ ನಕ್ಕೆವು. ನಕ್ಕಿದ್ದು ಸರಿಯೇ ಎಂದು ಬಸ್ಸಿನಲ್ಲಿ ಕೂತಾಗ ಅನ್ನಿಸಿತು. ಅವಳು ಹೇಳಿದ್ದು ಸುಳ್ಳಲ್ಲ. ಪುಸ್ತಕಗಳೂ ಅದನ್ನೇ ಇನ್ನಷ್ಟು ಮರ್ಯಾದೆಯ ಮಾತಿನಲ್ಲಿ ಹೇಳುತ್ತವೆ. ಜೊತೆಗೆ ಅವಳು ಮುರಿದ ಮಾದರಿ ತುಂಡುಗಳೆಲ್ಲ ಬೇಕಾದ ಭಾರಕ್ಕಿಂತ ಎರಡರಷ್ಟು ತಡೆದಿವೆ. ಅಂದ ಮೇಲೆ ನನಗೇನು ಬಾಧೆ?

ಗೊತ್ತಿಲ್ಲ.

ಜುಲೈ 7, ಭಾನುವಾರ

ಹಳೆ ಪುಸ್ತಕ ಮಾರುವ ಅಬಿಡ್ಸ್‌ನ ಫುಟ್‌ಪಾತಿನಲ್ಲಿ ತೆಲುಗು ಗೈಡುಗಳ ಕೆಳಗೆ ಒಂದು ಕನ್ನಡ ಕವನ ಸಂಕಲನ ಸಿಕ್ಕಿತು. ರಟ್ಟಿಲ್ಲ, ಮೊದಲ ಪುಟಗಳೂ ಇಲ್ಲ. ಯಾರು ಬರೆದದ್ದೋ ತಿಳಿಯುವ ದಾರಿಯಿಲ್ಲ. ಬಾವಿಯ ಬಗ್ಗೆ ಒಂದು ಕವಿತೆ ಇದೆ. ಮೂರು ಸಲ ಓದಿದೆ, ಅರ್ಥವಾಗಲಿಲ್ಲ, ಖುಷಿಯಾಯಿತು.

ಕವಿತೆ ಅರ್ಥವಾಗದಿದ್ದರೆ ಇಷ್ಟು ಹಾಯಾಗಿರುತ್ತೇನೆ. ಲೆಕ್ಕ ಅರ್ಥವಾಗದಿದ್ದರೆ ಕಳ್ಳತನ ಮಾಡಿದವಳಂತೆ ಓಡಾಡುತ್ತೇನೆ.

ಜುಲೈ 9, ಮಂಗಳವಾರ

ಬೇರೆ ದಾರಿ ಹಿಡಿದಿದ್ದೇನೆ. ಇಷ್ಟು ದಿನ ಕೊಳವೆಯನ್ನೂ ಬಟ್ಟಲನ್ನೂ ‘ಟೈ’ ಮಾಡಿದ್ದೆ. ಎಂದರೆ, ಈ ಎರಡು ಮೈಗಳು ಒಂದೇ, ಎಂದೂ ಬಿಡುವುದಿಲ್ಲ ಎಂದು ಸಾಫ್ಟ್‌ವೇರಿಗೆ ಹೇಳಿಬಿಡುವುದು. ಎಲ್ಲರೂ ಹಾಗೇ ಮಾಡುತ್ತಾರೆ, ಲೆಕ್ಕ ಬೇಗ ಮುಗಿಯುತ್ತದೆ. ಇವತ್ತು ನಡುವೆ ಅಂಟನ್ನೇ ಒಂದು ತೆಳು ಪದರವಾಗಿ, ನಕ್ಷೆಯಲ್ಲಿ ಇದ್ದಷ್ಟೇ ಜಾಗದಲ್ಲಿ ಇಟ್ಟೆ. ಈ ಪದರ ಜಗ್ಗಬಹುದು, ಬಿಡಲೂ ಬಹುದು. ಬಿಡಲು ಎಷ್ಟು ಶಕ್ತಿ ಬೇಕು ಎಂಬ ಸಂಖ್ಯೆ ನಮ್ಮ ಅಂಟಿಗೆ ಯಾರೂ ಅಳೆದಿಲ್ಲ. ಅದರ ದಾಯಾದಿಯಂಥ ಇನ್ನೊಂದು ಅಂಟಿನದನ್ನು ಎರವಲು ತಂದು ಹಾಕಿದೆ.

ಜುಲೈ 10, ಬುಧವಾರ

ಲೆಕ್ಕ ನಡುವೆಯೇ ನಿಂತಿತು. ಮತ್ತೆ ಹಚ್ಚಿದೆ. ಮತ್ತೆ ನಿಂತಿತು.

ಜುಲೈ 11, ಗುರುವಾರ

ಲೆಕ್ಕ ಮುಗಿಯಿತು. ಅಂಟು ಬಿಡುತ್ತದೆ. ಒಂದೇ ಸಲಕ್ಕಲ್ಲ, ಮುಂಭಾಗದ ಮೇಲಂಚಿನಿಂದ ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತ.

ಒಂದೇ ಕಾಲು, ಎರಡು ಲೆಕ್ಕ. ಒಂದು ಗಟ್ಟಿ ಎನ್ನುತ್ತದೆ, ಇನ್ನೊಂದು ಬಿಡುತ್ತದೆ ಎನ್ನುತ್ತದೆ. ಭೀಮಾಶಂಕರರ ಮುಂದೆ ಹೋಗಿ ನಿಂತೆ. ಕಂಪನಿ ಅವರದು. ಕಲಬುರಗಿಯವರು, ಬಾಗಿಲು ತೆರೆದಿದ್ದರೆ ಇಂಗ್ಲಿಷು, ಮುಚ್ಚಿದ್ದರೆ ಕನ್ನಡ.

“ಮೇಡಂ, ನಿಮ್ಮ ಎರಡನೇ ಲೆಕ್ಕದಾಗ ಆ ಶಕ್ತಿ ಸಂಖ್ಯಾ ಎಲ್ಲಿಂದ ತಂದ್ರಿ?”

“ಬೇರೆ ಅಂಟಿಂದು.”

“ಮಂದಿ ಜಾತಕ ತಂದು ನಮ್ಮ ಹುಡುಗಿ ಮದವಿ ನಿಂದ್ರಸ್ತೀರಿ?”

ಅವರು ಹೇಳಿದ್ದು ತಪ್ಪಲ್ಲ. ಯಂತ್ರದಲ್ಲಿ ಮುರಿದ ತುಂಡುಗಳು ಇವೆ, ಅವನ್ನು ನಂಬಿ ಎಂದರು. ಸೋಮವಾರ ಸಹಿ ಮಾಡುತ್ತೇನೆ ಎಂದು ಬಂದೆ.

ಜುಲೈ 12, ಶುಕ್ರವಾರ

ಬಳಕೆದಾರೆ ಅಳತೆ ನೋಡಲು ಬಂದಿದ್ದಳು. ಕಂಕುಳಲ್ಲಿ ಎರಡು ಊರುಗೋಲು, ಬೆನ್ನಿಗೆ ತಂಗಿ ಸೂಗಮ್ಮ. ಇಷ್ಟು ಎತ್ತರದ ಹೆಂಗಸನ್ನು ನಾನು ಹತ್ತಿರದಿಂದ ನೋಡಿರಲಿಲ್ಲ. ತೆಲುಗಿನಲ್ಲಿ ಅವಳನ್ನು ಅದು ಇದು ಕೇಳುತ್ತಿದ್ದೆ, ಅವಳು ತಡವರಿಸಿ ಉತ್ತರಿಸುತ್ತಿದ್ದಳು. ನಡುವೆ ಗಾನವಿ ನನ್ನೊಂದಿಗೆ ಕನ್ನಡದಲ್ಲಿ ಏನೋ ಮಾತಾಡಿದಳು.

“ನೀವು ಕನ್ನಡದಾರೇನ್ರಿ?” ಎಂದಳು ಆ ಹೆಂಗಸು. “ಮತ್ತ ಅಷ್ಟೊತ್ತಿನಿಂದ ತೆಲುಗಿನ್ಯಾಗ ಯಾಕ ಕಾಡಿದ್ರಿ ನನ್ನ?”

ಹೆಸರು ರೇಣುಕಾ, ಸುರಪುರದ ಕಡೆಯವಳು. ಕಟ್ಟಡವೊಂದರ ಸೆಂಟ್ರಿಂಗ್ ಹಲಗೆಗಳು ಕುಸಿದು ಕಾಲು ಹೋಗಿದೆ. ಹೊಸದಾಗಿ ಹಾಕಿದ ಕಾಂಕ್ರೀಟಿಗೆ ಪೈಪಿನಿಂದ ನೀರು ಹೊಡೆಯುವ ಕೆಲಸಕ್ಕೆ ಮೇಸ್ತ್ರಿ ಒಪ್ಪಿಕೊಂಡಿದ್ದಾನೆ. ಪೈಪಿಗೆ ಎರಡೂ ಕೈ ಬೇಕು, ಊರುಗೋಲು ಹಿಡಿದು ಆಗದ ಕೆಲಸ. ಹೊಸ ಕಾಲಿನ ಮೇಲೆ ಇಪ್ಪತ್ತನೇ ತಾರೀಖಿಗೆ ಬಂದರೆ ಜಾಗ ಅವಳದು, ಇಲ್ಲವಾದರೆ ಬೇರೆಯವರದು.

“ಅಷ್ಟ್ರಾಗ ಆಗ್ತೈತಲ್ರಿ?” ಎಂದು ಕೇಳಿದ್ದು ಗಾನವಿಯನ್ನಲ್ಲ, ನನ್ನನ್ನು.

ಗಾನವಿ ಕಾಲನ್ನು ತಂದು ಅವಳ ಪಕ್ಕ ಇಟ್ಟಳು. “ನಿಮ್ಮ ಕಾಲಿಗೆ ಎಷ್ಟು ಕಷ್ಟಪಟ್ಟೆ ಗೊತ್ತಾ? ಓವನ್ನಲ್ಲಿ ನಿಲ್ಲಿಸಕ್ಕೇ ಆಗ್ಲಿಲ್ಲ. ಮಲಗಿಸಿ ಒಣಗಿಸ್ದೆ.”

“ಊರಾಗ ನನಗ ಜ್ವಾಳದ ದಂಟು ಅಂತಿದ್ರವ್ವ,” ಎಂದಳು ರೇಣುಕಾ. “ಮಲಗ್ಲಿ ಬಿಡು. ನಿಂತು ನಿಂತು ನನಗೂ ಸಾಕಾಗೈತಿ.”

ಎಲ್ಲರೂ ನಕ್ಕರು. ಅವಳ ಸೆರಗಿನ ಅಂಚಿಗೆ ಸಿಮೆಂಟ್ ಹತ್ತಿ ಗಟ್ಟಿಯಾಗಿತ್ತು. ಅದು ಯಾಕೆ ನೆನಪಿದೆಯೋ.

ಜುಲೈ 13, ಶನಿವಾರ

ಸಿಕ್ಕಿತು. ಸಿಕ್ಕಿದ್ದು ಏನೆಂದು ಇನ್ನೂ ಪೂರಾ ತಿಳಿಯದು, ಆದರೂ ಬರೆದಿಡುತ್ತೇನೆ.

ಬಟ್ಟಲಿನ ತಳದಲ್ಲಿ, ಕೊಳವೆಯ ಸುತ್ತ, ನಕ್ಷೆಯಲ್ಲಿ ಒಂದು ಸಣ್ಣ ಬಿಡುವಿದೆ. ಹೆಚ್ಚಾದ ಅಂಟು ಹೋಗಿ ಕೂರಲಿ ಎಂದು ಬಿಟ್ಟ ಜಾಗ. ಅಲ್ಲಿ ಅಂಟನ್ನು ಎಣಿಸಬಾರದು. ಟೈ ಮಾಡುವಾಗ ಸಾಫ್ಟ್‌ವೇರ್ ಒಂದು ಉಪಕಾರ ಮಾಡುತ್ತದೆ: ಹತ್ತಿರವಿರುವ ಎರಡು ಮೈಗಳ ನಡುವೆ ಕೂದಲೆಳೆಯಷ್ಟು ಸಂದು ಕಂಡರೆ, ಚಿತ್ರ ಬರೆಯುವಾಗ ಆದ ತಪ್ಪು ಎಂದು ತಿಳಿದು, ತಾನೇ ಎಳೆದು ಸೇರಿಸುತ್ತದೆ. ಆ ಚೌಕದಲ್ಲಿ ಟಿಕ್ ಮೊದಲೇ ಬಿದ್ದಿರುತ್ತದೆ. ಯಾರೂ ತೆಗೆಯುವುದಿಲ್ಲ, ನಾನೂ ತೆಗೆದಿರಲಿಲ್ಲ. ಬೇಕೆಂದೇ ಬಿಟ್ಟ ಆ ಜಾಗವನ್ನೂ ಅದು ಹೇಳದೆ ಕೇಳದೆ ಮುಚ್ಚಿಬಿಟ್ಟಿದೆ. ಅಂಟಿಲ್ಲದ ಕಡೆಯೂ ಅಂಟಿದೆ ಎಂದುಕೊಂಡು ಇಷ್ಟು ದಿನ ಲೆಕ್ಕ ಹಾಕುತ್ತಿದ್ದೆ.

ಟಿಕ್ ತೆಗೆದು ಮತ್ತೆ ಓಡಿಸಿದೆ. ಅಂಚಿನಿಂದ ಎಷ್ಟು ಈಚೆ ಬಂದು ಓದಿದರೂ ಪಾಸಾಗಲಿಲ್ಲ.

ಹಾಗಾದರೆ ಗಾನವಿಯ ಯಂತ್ರದಲ್ಲಿ ತುಂಡುಗಳು ಹೇಗೆ ತಡೆದವು? ತಪ್ಪು ಲೆಕ್ಕ ನಿಜವಾಯಿತು, ಸರಿ ಲೆಕ್ಕ ಸುಳ್ಳಾಯಿತು. ಅಡುಗೆಮನೆಯಲ್ಲಿ ನಿಂತು ಇದನ್ನು ಹೇಳಿದರೆ ರಾಮದಾಸ, “ನೀ ಮೊದಲ ಊಟಾ ಮಾಡು, ಅದಕ್ಕ ಎರಡು ಉತ್ತರ ಇಲ್ಲ,” ಎಂದರು.

ಜುಲೈ 15, ಸೋಮವಾರ

ಮುರಿದ ಒಂದು ತುಂಡನ್ನು ಉದ್ದಕ್ಕೆ ಸೀಳಿಸಿದೆ. ಗಾನವಿಗೆ ಇಷ್ಟವಿರಲಿಲ್ಲ, ಆದರೂ ಸೀಳಿದಳು. ತಳದ ಆ ಬಿಡುವು ಅಂಟಿನಿಂದ ತುಂಬಿತ್ತು, ತುಪ್ಪ ಹೆಪ್ಪುಗಟ್ಟಿದ ಹಾಗೆ.

“ನಿಲ್ಸಿ ಒಣಗಿಸಿದ್ನಲ್ಲ ಮೇಡಂ. ಬಿಸಿಗೆ ಅಂಟು ನೀರಾಗಿ ಕೆಳಗಿಳಿಯುತ್ತೆ. ಒಳ್ಳೇದೇ ಆಯ್ತಲ್ಲ, ಎಕ್ಸ್‌ಟ್ರಾ ಹಿಡಿತ.”

ಮಾದರಿ ತುಂಡುಗಳೆಲ್ಲ ಗಿಡ್ಡ. ಎಲ್ಲವೂ ಓವನ್ನಿನಲ್ಲಿ ನಿಂತೇ ಒಣಗಿದವು. ಕಪಾಟಿನಲ್ಲಿದ್ದ ಆ ಉದ್ದ ಕಾಲಿನ ಕಡೆ ಇಬ್ಬರೂ ಒಟ್ಟಿಗೆ ನೋಡಿದೆವು.

ಮಲಗಿ ಒಣಗಿದ ಕಾಲಿನಲ್ಲಿ ಅಂಟು ತಳಕ್ಕೆ ಇಳಿದಿರಲಾರದು. ಒಂದು ಮಗ್ಗುಲಿಗೆ ಹರಿದಿರಬೇಕು. ನಾವು ಮುರಿದು ನೋಡಿದ್ದು ಬೇರೆ, ರೇಣುಕಾಗೆ ಕೊಡಲಿರುವುದು ಬೇರೆ.

ಸಹಿ ಮಾಡದೆ, ಇದನ್ನು ಭೀಮಾಶಂಕರರಿಗೆ ಹೋಗಿ ಹೇಳಿದೆ. ಬಾಗಿಲು ತೆರೆದಿತ್ತು, ಆದರೂ ಕನ್ನಡದಲ್ಲೇ ಕೇಳಿದರು. “ಇರಬೇಕು ಅಂತೀರೋ, ಐತಿ ಅಂತೀರೋ?”

“ಇರಬೇಕು ಅಂತೀನ್ರಿ. ಮುರಿದ ನೋಡಿದ್ರ ಐತೋ ಇಲ್ಲೋ ತಿಳೀತೈತಿ.”

“ಒಂದ ಕಾಲು ಇರೂದು. ಅದನ್ನ ಮುರಿದ್ರ ಹತ್ತೊಂಬತ್ತಕ್ಕ ಡಾಕ್ಟರ್ ಮುಂದ ಏನ್ ನಡಸ್ಲಿ, ನಿಮ್ಮ ಕಂಪ್ಯೂಟರ್ ನಡಸ್ಲಿ? ಹೊಸಾ ಕೊಳವಿ ಬರಾಕ ವಾರದ ಮ್ಯಾಲ ಬೇಕು. ಅಷ್ಟ್ರಾಗ ಆಸ್ಪತ್ರಿಯವರು ಬ್ಯಾರೆ ಕಂಪನಿ ಹುಡುಕ್ತಾರ. ಆ ಹೆಣ್ಮಗಳ ಕೆಲಸಾನೂ ಹೋಗ್ತೈತಿ. ಅಷ್ಟೂ ನಿಮ್ಮ ‘ಇರಬೇಕು’ ಮ್ಯಾಲ.”

ಅದು ಗಟ್ಟಿಯೂ ಇದ್ದೀತು. ಗಟ್ಟಿಯಿದ್ದದ್ದನ್ನು ಮುರಿದು ಅವಳ ಕೆಲಸ ಕಳೆದರೆ? ಬಾವಿಯ ಕವಿತೆ ತೆರೆದೆ. ಅಕ್ಷರ ಓದಿದೆ, ಕವಿತೆ ಓದಲಿಲ್ಲ.

ಜುಲೈ 16, ಮಂಗಳವಾರ

ಯಾರೂ ರೇಣುಕಾಳನ್ನು ಕೇಳಿರಲಿಲ್ಲ. ಆಟೋ ಮಾಡಿಕೊಂಡು ಅವಳಿದ್ದ ತಗಡಿನ ಶೆಡ್ಡಿಗೆ ಹೋದೆ. ಸೂಗಮ್ಮ ಬಕೆಟ್ ಬೋರಲು ಹಾಕಿ ಕೂರಲು ಕೊಟ್ಟಳು.

ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆಲ್ಲ ಬಿಟ್ಟುಹೋಯಿತು. “ನಿನ್ನ ಕಾಲಿನ ಅಂಟು ನಿಂದ್ರತೈತೋ ಇಲ್ಲೋ ನನಗ ಗೊತ್ತಿಲ್ಲ,” ಎಂದೆ.

“ಗೊತ್ತಿಲ್ಲ ಅನ್ನಾಕ ಇಷ್ಟು ದೂರ ಬಂದ್ರೇನ್ರಿ?”

ಮುರಿದು ನೋಡುವುದನ್ನು ಹೇಳಿದೆ. ಮುರಿದರೆ ಇಪ್ಪತ್ತಕ್ಕೆ ಕಾಲಿಲ್ಲ. ಮುರಿಯದೆ ಗಟ್ಟಿಯಾಗಿ ಉಳಿದರೂ, ಅಷ್ಟು ಒತ್ತಿದ ಮೇಲೆ ಅದನ್ನು ಕೊಡಲು ಬರುವುದಿಲ್ಲ. ಎರಡರಲ್ಲೂ ಕಾಲಿಲ್ಲ.

ಅವಳಿಗೆ ಸಿಟ್ಟು ಬಂತು. ಬರಬೇಕಾದದ್ದೇ. “ನೀವು ಸಾಲಿ ಕಲ್ತಾರು ಇದನ್ನ ಮೊದಲ ನೋಡಬೇಕಿಲ್ರಿ? ನಾ ಮೇಸ್ತ್ರಿಗೆ ಮಾತು ಕೊಟ್ಟೀನಿ.” ಬಹಳ ಹೊತ್ತು ಬೈದಳು. ನಾನು ಬಕೆಟ್ಟಿನ ಮೇಲೆ ಕೂತಿದ್ದೆ. ಸೂಗಮ್ಮ ಚಹಾ ತಂದಳು. ಚಹಾ ಕುಡಿಯುತ್ತ ರೇಣುಕಾ, “ಮುರದ್ರ ಹ್ಯಾಂಗ ಮುರೀತೈತಿ? ಮೊದಲ ಗೊತ್ತಾಗ್ತೈತೇನು?” ಎಂದು ಕೇಳಿದಳು.

“ಗೊತ್ತಾಗಂಗಿಲ್ಲ. ಟಕ್ ಅಂತೈತಿ, ಅಷ್ಟ.”

“ಸೆಂಟ್ರಿಂಗೂ ಹಂಗ ಅಂದಿತ್ರಿ.”

ಚಹಾ ಮುಗಿಸಿ ಲೋಟ ಕೆಳಗಿಟ್ಟಳು. “ಮುರೀರಿ. ಆದ್ರ ನಾ ಇಲ್ದಾಗ ಮುರೀಬ್ಯಾಡ್ರಿ, ನಾ ನೋಡಬೇಕು. ಏ ಸೂಗವ್ವ, ಇಪ್ಪತ್ತರಿಂದ ಪೈಪ್ ಹಿಡ್ಯಾಕ ನೀ ಹೋಗು. ಬಸ್ಸಿನ್ಯಾಗ ಟವೆಲ್ ಹಾಕ್ತಾರಲ್ಲ, ಹಂಗ. ನಾ ಬಂದ ಕೂಡ್ಲೆ ಎದ್ದೇಳಬೇಕು ಮತ್ತ.”

“ಕುಂತಾಕಿ ಏಳ್ಲಿಲ್ಲಂದ್ರ?” ಎಂದಳು ಸೂಗಮ್ಮ.

“ಹೊಸಾ ಕಾಲಿಂದ ಒದೀತೀನಿ.”

ಜುಲೈ 18, ಗುರುವಾರ

ರೇಣುಕಾ ಒಪ್ಪಿದಳೆಂದ ಮೇಲೆ ಭೀಮಾಶಂಕರರೂ ತಡೆಯಲಿಲ್ಲ; ಬೆಳಿಗ್ಗೆ ಕಾಲನ್ನು ಯಂತ್ರಕ್ಕೆ ಕಟ್ಟಿದೆವು. ಒಮ್ಮೆ ಒತ್ತಿ ಮುರಿಯುವುದಲ್ಲ. ಹೆಜ್ಜೆ ಹಾಕಿದ ಹಾಗೆ ಒತ್ತುವುದು, ಬಿಡುವುದು, ಒತ್ತುವುದು, ಬಿಡುವುದು. ರೇಣುಕಾ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು.

“ನನ್ನ ಬಿಟ್ಟು ತಾನೊಂದ ನಡ್ಯಾಕತ್ತೈತಿ ನೋಡ್ರಿ,” ಎಂದಳು.

ಮಧ್ಯಾಹ್ನದವರೆಗೂ ನಡೆಯಿತು. ಭೀಮಾಶಂಕರರು ಬಂದು ನೋಡಿ ಹೋದರು, ಮತ್ತೆ ಬಂದರು. ಗಟ್ಟಿಯಿದ್ದ ಕಾಲನ್ನು ಕೆಡಿಸಿದೆ ಎಂಬ ಭಯ ನನ್ನೊಳಗೆ ಬಲವಾಗುತ್ತ ಬಂತು. ಊಟದ ಡಬ್ಬಿ ತೆರೆದಿದ್ದೆವು. ರೇಣುಕಾ ನನ್ನ ಡಬ್ಬಿಯ ಪುಂಡಿಪಲ್ಯ ನೋಡಿ, “ಯಾರ್ ಮಾಡಿದ್ರಿ?” ಎಂದಳು. “ನಮ್ಮನೆಯವರು” ಎಂದೆ. ನಂಬದೆ ನಗತೊಡಗಿದಳು. ಆಗ ಟಕ್ ಎಂದಿತು.

ದೊಡ್ಡ ಸದ್ದೇನಲ್ಲ. ಬೆರಳಿನ ನೆಟಿಕೆಯಷ್ಟು. ಕೊಳವೆ ಬಟ್ಟಲಿನಲ್ಲಿ ಸಡಿಲವಾಗಿ ಅಲುಗುತ್ತಿತ್ತು. ರೇಣುಕಾಳ ನಗು ನಿಂತಿತು. ಅವಳು ತನ್ನ ಮೊಣಕಾಲಿನ ಕೆಳಗೆ, ಏನೂ ಇಲ್ಲದ ಕಡೆ, ಸೀರೆಯನ್ನು ಹಿಡಿದುಕೊಂಡಳು.

ಭೀಮಾಶಂಕರರು ಯಂತ್ರ ನಿಲ್ಲಿಸಿದರು. ನನ್ನ ಕಡೆ ನೋಡಲಿಲ್ಲ. ಹೊರಗೆ ಹೋಗಿ ಆಸ್ಪತ್ರೆಗೆ ಫೋನ್ ಮಾಡಿದರು. ನಾಳೆ ಬರಬೇಡಿ ಎಂದು ಹೇಳಿ, ಯಾಕೆಂದರೆ ನಮ್ಮ ಕಾಲು ಮುರಿದಿದೆ ಎಂದೂ ಹೇಳಿದ್ದು ಕಿಟಕಿಯಿಂದ ಕೇಳಿಸಿತು.

ಜುಲೈ 19, ಶುಕ್ರವಾರ

ಸೀಳಿ ನೋಡಿದೆವು. ತಳದ ಬಿಡುವು ಖಾಲಿ, ಅಂಟು ಒಂದು ಮಗ್ಗುಲಿಗೆ ಹರಿದಿತ್ತು. ಅಷ್ಟರವರೆಗೆ ಸರಿ. ಅಂಟು ತೆಳುವಾಗಿದ್ದ ಮುಂಭಾಗ ಮೊದಲು ಬಿಡಬೇಕಿತ್ತು. ನನ್ನ ಲೆಕ್ಕವೂ ಹಾಗೇ ಹೇಳಿತ್ತು. ಬಿಟ್ಟಿದ್ದು ಹಿಂಭಾಗ. ಅಂಟು ದಪ್ಪಗಿದ್ದ ಕಡೆ.

“ದಪ್ಪ ಇದ್ರೂ ಕಷ್ಟ ಅಂತಾರೆ ಮೇಡಂ, ಒಳಗೆ ಗುಳ್ಳೆ ನಿಲ್ಲುತ್ತೆ,” ಎಂದಳು ಗಾನವಿ. ಗುಳ್ಳೆ ಕಾಣಲಿಲ್ಲ. ಒಂದು ಲೆಕ್ಕ ಬಿಡುವುದಿಲ್ಲ ಎಂದಿತು, ಇನ್ನೊಂದು ಇಲ್ಲಿ ಬಿಡುತ್ತದೆ ಎಂದಿತು, ಕಾಲು ಅಲ್ಲಿ ಬಿಟ್ಟಿತು. ನನಗಿಂತ ದೊಡ್ಡದೇನೋ ನನ್ನೊಡನೆ ಆಟವಾಡುತ್ತಿರುವಂತಿದೆ.

ಆಸ್ಪತ್ರೆಯವರು ಎರಡು ವಾರ ಕೊಟ್ಟಿದ್ದಾರೆ.

ಜುಲೈ 26, ಶುಕ್ರವಾರ

ಹೊಸ ಕೊಳವೆಗಳು ಬಂದವು. ನಿಲ್ಲಿಸಿ ಒಣಗಿಸಲು ಓವನ್ನಿನ ಎತ್ತರ ಸಾಲದು. ಮೊನ್ನೆಯೇ ಈ ಮಾತು ಮನೆಯಲ್ಲಿ ಆಡಿದ್ದೆ. ರಾಮದಾಸ ನಮ್ಮ ಜೋಳದ ಡ್ರಮ್ಮು ಖಾಲಿ ಮಾಡಿ, ತಳ ಕತ್ತರಿಸಿ, ಓವನ್ನಿನ ಮೇಲ್ಭಾಗಕ್ಕೆ ಕೂರಿಸುವಂತೆ ಮಾಡಿಕೊಟ್ಟರು. ಜೋಳ ಈಗ ಮಂಚದ ಕೆಳಗೆ ಹಾಸಿಗೆಯ ಚೀಲದಲ್ಲಿದೆ. ಗಾನವಿ ಡ್ರಮ್ಮಿಗೆ ಅರಿಶಿನ ಹಚ್ಚಿದಳು. ಭೀಮಾಶಂಕರರು, “ಇನ್ನ ಮ್ಯಾಲ ನಮ್ಮ ಕಾಲಿಗೆಲ್ಲ ರೊಟ್ಟಿ ವಾಸನಿ ಬರ್ತೈತಿ,” ಎಂದು ಗೊಣಗುತ್ತ ತಾವೇ ಕೊಳವೆಯನ್ನು ಹಿಡಿದು ನಿಂತರು.

ಹಾಗೇ ಎರಡು ಕಾಲು ಮಾಡಿದೆವು. ಒಂದು ಮುರಿಯಲು, ಒಂದು ಅವಳಿಗೆ.

ಜುಲೈ 31, ಬುಧವಾರ

ಮುರಿಯಲು ಇಟ್ಟದ್ದು ಮುರಿಯಲಿಲ್ಲ. ಮೂರು ದಿನ ನಡೆಸಿ ಯಂತ್ರ ನಿಲ್ಲಿಸಿದೆವು. ವರದಿ ಬರೆದೆ. ಹಳೆಯ ಕಾಲು ಹಿಂಭಾಗದಿಂದ ಏಕೆ ಬಿಟ್ಟಿತು ಎಂಬ ಜಾಗದಲ್ಲಿ ‘ನನಗೆ ತಿಳಿದಿಲ್ಲ’ ಎಂದು ಬರೆದು, ಕೆಳಗೆ ಸಹಿ ಮಾಡಿದೆ. ಪುಟಗಳ ನಂಬರು ಎರಡು ಕಡೆ ತಪ್ಪಿತ್ತು, ತಿದ್ದಬೇಕಾಯಿತು. ಬರುವಾಗ ಕೋಠಿಯಲ್ಲಿ ಇಳಿದು ರಾಮದಾಸರ ಮಾತ್ರೆ ತಂದೆ.

ಆಗಸ್ಟ್ 5, ಸೋಮವಾರ

ಕೆಲವು ದಿನ ಬರೆಯಲು ಮರೆತೆ. ಶುಕ್ರವಾರ ಡಾಕ್ಟರುಗಳ ಮುಂದೆ ರೇಣುಕಾ ನಡೆದಳು. ಇವತ್ತು ಕೆಲಸಕ್ಕೆ ಹಾಜರಾದಳು, ನಾನೂ ಹೋಗಿದ್ದೆ.

ಸೂಗಮ್ಮ ಪೈಪ್ ಹಿಡಿದು ನಿಂತಿದ್ದಳು. ಅಕ್ಕ ಬರುವುದು ನೋಡಿಯೂ ನೋಡದವಳಂತೆ ನೀರು ಹೊಡೆಯುತ್ತಲೇ ಇದ್ದಳು. “ಏಳ, ನನ್ನ ಜಾಗ ಬಿಡು,” ಎಂದಳು ರೇಣುಕಾ. “ನಿಂತಾಕಿಗೆ ಏಳ ಅಂತಾಳ್ರಿ ಇಕಿ,” ಎಂದು ಸೂಗಮ್ಮ ನನಗೆ ದೂರು ಹೇಳಿ ಪೈಪ್ ಕೊಟ್ಟಳು.

ನನ್ನ ಲೆಕ್ಕದಲ್ಲಿ ಪಾದದ ಕೆಳಗಿನ ನೆಲ ಯಾವಾಗಲೂ ಸಪಾಟು, ಒಣ, ಅಲುಗುವುದಿಲ್ಲ. ಇಲ್ಲಿ ಎಲ್ಲ ಕಡೆ ನೀರು, ಜಲ್ಲಿ, ಹಲಗೆಯ ಚೂರು. ನೆಲ ಹೀಗಿದ್ದರೆ ಭಾರ ಎಲ್ಲಿಗೆ ಹೋಗುತ್ತದೆ? ನಾಳೆ ಅದನ್ನು ನೋಡಬೇಕು. ಅವಳು ಮೊದಲ ಎರಡು ಹೆಜ್ಜೆಗೆ ನನ್ನ ಭುಜ ಹಿಡಿದಳು, ಆಮೇಲೆ ಎರಡೂ ಕೈಯಲ್ಲಿ ಪೈಪ್ ಹಿಡಿದು ಮುಂದೆ ಹೋದಳು. ನೀರಿನ ಸದ್ದಿನ ನಡುವೆ ಆ ಟಕ್ ಕೇಳಿಸುತ್ತದೆಯೋ ಎಂದು ನಾನು ಕಿವಿಗೊಟ್ಟು ನಿಂತೆ.

“ಅಕ್ಕಾ, ಸರದು ನಿಂದರ್ರಿ, ಸೀರಿ ತೋಯ್ತೈತಿ,” ಎಂದು ರೇಣುಕಾ ಕೂಗಿದಳು.

ಸರಿದೆ ಎಂದುಕೊಂಡಿದ್ದೆ. ಮೊಣಕಾಲಿನವರೆಗೂ ತೊಯ್ದಿದ್ದು ಮನೆಗೆ ಬಂದ ಮೇಲೆ ರಾಮದಾಸ ಹೇಳಿದಾಗ ತಿಳಿಯಿತು.